ಅಣೆಕಟ್ಟಿನ ನೆರಳಲ್ಲಿ ಮರೆತುಹೋದ ವಿಶ್ವೇಶ್ವರಯ್ಯ: ಕುಡಿಯುವ ನೀರು, ಸಮಿತಿಗಳು ಮತ್ತು ನಮ್ಮೂರಿನ ಐದು ಹೆಣ್ಣುಮಕ್ಕಳು

ಸೆಪ್ಟೆಂಬರ್ 15 ಬಂತು ಅಂದ್ರೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಲೋಕೋಪಯೋಗಿ ಇಲಾಖೆಯ ಕಚೇರಿಗಳಲ್ಲಿ ಮೈಸೂರು ಪೇಟದ ಆ ಫೋಟೋಕ್ಕೆ ಹಾರ ಬೀಳುತ್ತದೆ. 1968ರಿಂದ ಆ ದಿನ ಎಂಜಿನಿಯರ್‌ಗಳ ದಿನ. ಭಾಷಣ ಮಾಡುವವರು ಕನ್ನಂಬಾಡಿ ಕಟ್ಟೆಯಿಂದ ಶುರು ಮಾಡ್ತಾರೆ, ಎರಡು ಮೇಣದಬತ್ತಿಯ ಕತೆಗೆ ಬರ್ತಾರೆ, ಭಾರತರತ್ನಕ್ಕೆ ಮುಗಿಸ್ತಾರೆ. ವಾಟ್ಸಾಪ್‌ನಲ್ಲಿ ಅದೇ ಫೋಟೋ, ಅದೇ ನಾಲ್ಕು ಸಾಲು. ಮರುದಿನ ಹಾರ ಬಾಡುತ್ತದೆ, ಮುಂದಿನ ಸೆಪ್ಟೆಂಬರ್ ತನಕ ಸರ್ ಎಂ.ವಿ. ಸುದ್ದಿ ಇಲ್ಲ.

ನಾನು ಸಿದ್ದಾಪುರದವನು. ಗಂಗಾವತಿ-ಕಾರಟಗಿ ನಡುವೆ ಇರುವ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಊರು. ನಮ್ಮ ಕಡೆ ನೀರು ಅಂದ್ರೆ ಮೊದಲು ನೆನಪಾಗೋದು ಡ್ಯಾಂ. ಡ್ಯಾಂಗೆ ಎಷ್ಟು ಟಿಎಂಸಿ ಬಂತು, ಕಾಲುವೆಗೆ ಯಾವಾಗ ಬಿಡ್ತಾರೆ, ಎರಡನೇ ಬೆಳೆಗೆ ಸಿಗುತ್ತೋ ಇಲ್ಲವೋ ಅನ್ನೋದೇ ಚಹಾದಂಗಡಿಯ ರಾಜಕೀಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ರಾಜ್ಯ ಮುನಿರಾಬಾದಿನ ಕಡೆ ತಿರುಗಿ ನೋಡಿತು. ಮಂತ್ರಿಗಳು ಬಂದರು, ಟೀವಿಯವರು ಬಂದರು. ಬರಬೇಕಾದದ್ದೇ.

ಆದ್ರೆ ಅದಕ್ಕೂ ಒಂದು ವರ್ಷ ಮೊದಲು, 2023ರ ಬೇಸಿಗೆಯ ಕೊನೆಗೆ, ಇದೇ ಕೊಪ್ಪಳ ಜಿಲ್ಲೆಯ ಕನಕಗಿರಿ ತಾಲೂಕಿನ ಬಸರಿಹಾಳದಲ್ಲಿ, ಕುಷ್ಟಗಿ ತಾಲೂಕಿನ ಬಿಜಕಲ್‌ನಲ್ಲಿ ವಾಂತಿ-ಭೇದಿಯಿಂದ ಜನ ಸತ್ತರು. ಕಲುಷಿತ ನೀರಿನ ಮಾತು ಎದ್ದಿತು. ಅದರ ಹಿಂದಿನ ವರ್ಷ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದೇ ಜನ ಸತ್ತಿದ್ದರು. ಗೇಟು ಕಳಚಿದ್ದು ಎಲ್ಲರಿಗೂ ಕಾಣಿಸಿತು. ಕೊಳವೆಯೊಳಗಿನ ಕೊಳೆ ಹೆಣ ಬಿದ್ದ ಮೇಲಷ್ಟೇ ಕಾಣಿಸಿತು.

ಈ ವ್ಯತ್ಯಾಸವನ್ನು ತಲೆಯಲ್ಲಿಟ್ಟುಕೊಂಡು ವಿಶ್ವೇಶ್ವರಯ್ಯನವರ ಬದುಕನ್ನು ಮತ್ತೊಮ್ಮೆ ಓದಿದರೆ ಬೇರೆಯದೇ ಮನುಷ್ಯ ಎದುರಾಗ್ತಾರೆ. ಅಣೆಕಟ್ಟಿನ ವಿಶ್ವೇಶ್ವರಯ್ಯ ಅಲ್ಲ. ಕುಡಿಯುವ ನೀರಿನ, ಚರಂಡಿಯ, ಮಂಡಳಿ-ಸಮಿತಿ-ಸಂಘಗಳ ವಿಶ್ವೇಶ್ವರಯ್ಯ. ಇವತ್ತು ನಮಗೆ ಹೆಚ್ಚು ಬೇಕಾದವರು ಅವರೇ ಅನ್ನೋದು ನನ್ನ ವಾದ. ಅವರ ದೊಡ್ಡ ಕೊರತೆ ಎಲ್ಲಿದೆ ಅನ್ನೋದೂ ಈ ಕಡೆಯಿಂದ ನೋಡಿದಾಗಲೇ ಸ್ಪಷ್ಟವಾಗುತ್ತದೆ.

ಕಾಲರಾ ಕಾಲದ ಎಂಜಿನಿಯರ್

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಚಿಕ್ಕವರಿದ್ದಾಗಲೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎ ಓದಿ, ಮೈಸೂರು ಸರ್ಕಾರದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋದರು. ಅಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರ್ ಆಗಿ ಸೇರಿದರು.

ಆ ಇಸವಿಯನ್ನು ಗಮನಿಸಿ. ಜರ್ಮನಿಯ ರಾಬರ್ಟ್ ಕಾಖ್ ಕಲ್ಕತ್ತಾದಲ್ಲಿ ಕಾಲರಾ ರೋಗಾಣುವನ್ನು ಗುರುತಿಸಿದ್ದೂ 1884ರಲ್ಲೇ. ಅಲ್ಲೀವರೆಗೆ ನೀರು ಕೆಟ್ಟಿದೆಯೋ ಇಲ್ಲವೋ ಅನ್ನೋದನ್ನು ಬಣ್ಣ, ವಾಸನೆ, ರುಚಿ ನೋಡಿ ಹೇಳ್ತಿದ್ದರು. ತಿಳಿಯಾಗಿ ಕಾಣುವ ನೀರಿನಲ್ಲೂ ಸಾವಿರಬಹುದು ಅನ್ನೋದು ಹೊಸ ತಿಳಿವಳಿಕೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ 8 ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು. ಪಕ್ಕದಲ್ಲೇ ಅಂಟಿಕೊಂಡಿದ್ದ ಆಲ್ಟೋನಾ ಪಟ್ಟಣ ಅದೇ ಎಲ್ಬೆ ನದಿಯ ನೀರು ಕುಡಿದರೂ ಬಹುಮಟ್ಟಿಗೆ ಪಾರಾಯಿತು. ವ್ಯತ್ಯಾಸ ಒಂದೇ: ಆಲ್ಟೋನಾದವರು ನೀರನ್ನು ಮರಳಿನಲ್ಲಿ ಸೋಸಿ ಕೊಡ್ತಿದ್ದರು, ಹ್ಯಾಂಬರ್ಗಿನವರು ಸೋಸದೇ ಕೊಡ್ತಿದ್ದರು.

ಅದಾದ ಸ್ವಲ್ಪ ದಿನಕ್ಕೆ ವಿಶ್ವೇಶ್ವರಯ್ಯನವರಿಗೆ ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ಕೆಲಸ ಬಂತು. ಈಗ ಅದು ಪಾಕಿಸ್ತಾನದಲ್ಲಿದೆ. ಪಕ್ಕದಲ್ಲೇ ಸಿಂಧೂ ನದಿ, ಆದ್ರೆ ನೀರು ಕೆಸರು. ದೊಡ್ಡ ಸೋಸುತೊಟ್ಟಿ ಕಟ್ಟೋಣ ಅಂದ್ರೆ ಪುರಸಭೆಯ ಹತ್ತಿರ ದುಡ್ಡಿಲ್ಲ. ಆಗ ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನದಿಯ ನೀರು ಮರಳಿನ ಪದರದ ಮೂಲಕ ನಿಧಾನವಾಗಿ ಬಸಿದು ಬಾವಿಗೆ ಬರಬೇಕು. ಅಲ್ಲಿಂದ ಪಂಪ್ ಮಾಡಿ ಊರಿಗೆ ಕೊಡಬೇಕು. ಸೋಸುವ ಕೆಲಸವನ್ನು ನದಿಯ ಮರಳಿಗೇ ವಹಿಸಿಬಿಟ್ಟರು. 1895ರ ಹೊತ್ತಿಗೆ ಆ ಕೆಲಸ ಮುಗಿದಿತ್ತು.

ನಮ್ಮ ಕಡೆಯ ಹಿರಿಯರಿಗೆ ಇದು ಹೊಸದಲ್ಲ. ಬೇಸಿಗೆಯಲ್ಲಿ ಹಳ್ಳದ ಮರಳಿನಲ್ಲಿ ಒರತೆ ತೋಡಿ, ತಿಳಿ ನೀರನ್ನು ತಂಬಿಗೆಯಿಂದ ಕೊಡಕ್ಕೆ ತುಂಬುತ್ತಿದ್ದ ಹೆಂಗಸರಿಗೆ ಈ ತತ್ವ ಗೊತ್ತಿತ್ತು. ಯುರೋಪಿನಲ್ಲಿ ರೈನ್ ನದಿಯ ದಂಡೆಯ ಡ್ಯುಸೆಲ್‌ಡಾರ್ಫ್ ನಗರ 1870ರಿಂದಲೇ ಹೀಗೆ ನೀರು ತೆಗೆಯುತ್ತಿತ್ತು. ವಿಶ್ವೇಶ್ವರಯ್ಯನವರ ಹೆಚ್ಚುಗಾರಿಕೆ ಇರೋದು ಅದನ್ನು ಒಂದು ಬಡ ಪುರಸಭೆಯ ಜೇಬಿಗೆ ಹೊಂದುವ ಹಾಗೆ ಮಾಡಿದ್ದರಲ್ಲಿ. ಇದ್ದ ದುಡ್ಡಿನಲ್ಲಿ ಎಲ್ಲರಿಗೂ ಶುದ್ಧ ನೀರು ಹೇಗೆ ಅನ್ನೋದು ಅವರ ಪ್ರಶ್ನೆಯಾಗಿತ್ತು. ಅರ್ಧ ಊರಿಗೆ ಕೊಟ್ಟು ಉಳಿದವರು ಕಾಯಲಿ ಅನ್ನೋ ದಾರಿಯನ್ನು ಅವರು ಹಿಡಿಯಲಿಲ್ಲ.

ಸ್ಯಾನಿಟರಿ ಎಂಜಿನಿಯರ್ ಅನ್ನೋ ಹುದ್ದೆ

ಆಮೇಲೆ ಸೂರತ್, ಪುಣೆ. 1896ರಿಂದ ಮುಂಬಯಿ ಮತ್ತು ಪುಣೆಯನ್ನು ಪ್ಲೇಗ್ ಹಿಂಡಿ ಹಾಕಿದ್ದ ವರ್ಷಗಳವು. ಖಡಕವಾಸ್ಲಾದಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಗೇಟುಗಳ ಬಗ್ಗೆ ಎಲ್ಲರೂ ಬರೀತಾರೆ. ನೀರಾ ಕಾಲುವೆಯಲ್ಲಿ ಅವರು ತಂದ ಬ್ಲಾಕ್ ಪದ್ಧತಿಯ ಬಗ್ಗೆಯೂ ಬರೀತಾರೆ. ಕಾಲುವೆಯ ಕೊನೆಯ ರೈತನಿಗೂ ಸರದಿಯಂತೆ ನೀರು ಸಿಗಲಿ ಅನ್ನೋ ಲೆಕ್ಕ ಅದು; ಮೇಲ್ಭಾಗ-ಕೆಳಭಾಗದ ಜಗಳ ದಿನಾ ನೋಡುವ ನಮಗೆ ಅದು ಬೇಗ ಅರ್ಥವಾಗುತ್ತದೆ.

ಆದ್ರೆ ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ಅವರು ಹಿಡಿದಿದ್ದ ಇನ್ನೊಂದು ಹುದ್ದೆ ಯಾರ ಭಾಷಣದಲ್ಲೂ ಬರೋದಿಲ್ಲ. ಮುಂಬಯಿ ಸರ್ಕಾರದ ಸ್ಯಾನಿಟರಿ ಎಂಜಿನಿಯರ್, ಜೊತೆಗೆ ಸ್ಯಾನಿಟರಿ ಬೋರ್ಡಿನ ಸದಸ್ಯ. ಅಂದ್ರೆ ಊರುಗಳ ಕುಡಿಯುವ ನೀರು ಮತ್ತು ಒಳಚರಂಡಿಯ ಯೋಜನೆಗಳನ್ನು ತಯಾರಿಸೋದು, ಪರೀಕ್ಷಿಸೋದು. ಧಾರವಾಡ, ವಿಜಯಪುರ ಸೇರಿದಂತೆ ಆಗ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಊರುಗಳ ನೀರು ಸರಬರಾಜಿಗೂ ಅವರು ಕೆಲಸ ಮಾಡಿದ್ದಾರೆ.

ಈ ಬೋರ್ಡ್ ಅನ್ನೋದು ಮುಖ್ಯ. ನೀರಿನ ಗುಣಮಟ್ಟ ಒಬ್ಬರಿಂದ ಆಗುವ ಕೆಲಸ ಅಲ್ಲ. ಎಂಜಿನಿಯರ್‌ಗೆ ಕೊಳವೆ ಗೊತ್ತು, ವೈದ್ಯರಿಗೆ ರೋಗ ಗೊತ್ತು, ರಸಾಯನಶಾಸ್ತ್ರದವರಿಗೆ ನೀರಿನಲ್ಲಿ ಕರಗಿದ್ದು ಗೊತ್ತು, ಪುರಸಭೆಗೆ ಖಜಾನೆ ಗೊತ್ತು. ಇವರೆಲ್ಲ ಒಂದೇ ಮೇಜಿನ ಸುತ್ತ ಕೂತು, ವರದಿ ಓದಿ, ಒಪ್ಪದಿದ್ದರೆ ಜಗಳಾಡಿ, ಕೊನೆಗೆ ತೀರ್ಮಾನದ ಕೆಳಗೆ ಹೆಸರು ಬರೆದು ಸಹಿ ಹಾಕಬೇಕು. ಯಾರೋ ಒಬ್ಬ ಬುದ್ಧಿವಂತ ಬಂದು ಯೋಜನೆ ಮಾಡಿ ಹೋದರೆ ಐದು ವರ್ಷದಲ್ಲಿ ಅದು ಹಾಳಾಗುತ್ತದೆ. ಮೇಜು ಉಳಿದರೆ ಯೋಜನೆ ಉಳಿಯುತ್ತದೆ.

1906ರಲ್ಲಿ ಅವರನ್ನು ಅಡೆನ್‌ಗೆ ಕಳಿಸಿದರು. ಈಗ ಯೆಮನ್‌ನಲ್ಲಿರುವ ಆ ಬಂದರು ಆಗ ಆಡಳಿತದ ಮಟ್ಟಿಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮಳೆ ಇಲ್ಲ, ನದಿ ಇಲ್ಲ, ಚರಂಡಿ ಸರಿ ಇಲ್ಲ. ಅವರು ಒಳಚರಂಡಿಯ ಯೋಜನೆ ಕೊಟ್ಟರು. ಕುಡಿಯುವ ನೀರಿಗೆ ಉತ್ತರದ ಲಹೆಜ್ ಕಡೆ ಒಣಗಿದ ನದಿ ಪಾತ್ರದಲ್ಲಿ ಬಾವಿ ತೋಡಲು ಹೇಳಿದರು. ಸಕ್ಕರ್‌ನ ಮರಳಿನ ಪಾಠ ಅರೇಬಿಯಾದ ಮರಳುಗಾಡಿಗೂ ಹೋಯಿತು.

ಮೂಸಿ ಪ್ರವಾಹ ಮತ್ತು ನಮ್ಮ ನಿಜಾಮರ ಸೀಮೆ

1908ರಲ್ಲಿ ಅವರು ಮುಂಬಯಿ ಸರ್ಕಾರದ ಸೇವೆ ಬಿಟ್ಟು ವಿದೇಶ ಪ್ರವಾಸಕ್ಕೆ ಹೊರಟರು. ಆ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನು ನುಂಗಿತು. ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಅವರನ್ನು ಕರೆಸಿತು. 1909ರಲ್ಲಿ ಅವರು ಹೈದರಾಬಾದಿಗೆ ಬಂದರು. ನಮ್ಮ ಸಿದ್ದಾಪುರ, ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಲ್ಲವೂ ಆಗ ಅದೇ ನಿಜಾಮರ ರಾಜ್ಯದಲ್ಲಿದ್ದವು. ಆ ಲೆಕ್ಕದಲ್ಲಿ ಅವರು ನಮ್ಮ ಮುತ್ತಜ್ಜಂದಿರ ರಾಜಧಾನಿಗೆ ಬಂದ ಎಂಜಿನಿಯರ್.

ಅವರ ವರದಿ ಪ್ರವಾಹ ತಡೆಯೋದಕ್ಕೆ ನಿಲ್ಲಲಿಲ್ಲ. ನಗರದ ಮೇಲ್ಭಾಗದಲ್ಲಿ ಮೂಸಿ ಮತ್ತು ಈಸಿ ನದಿಗಳಿಗೆ ಜಲಾಶಯ ಕಟ್ಟಬೇಕು ಅಂದರು. ಮುಂದೆ ಅದೇ ದಾರಿಯಲ್ಲಿ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಪ್ರವಾಹ ತಡೆಯುವ ಕಟ್ಟೆಗಳೇ ನಗರಕ್ಕೆ ಕುಡಿಯುವ ನೀರಿನ ಮೂಲವಾದವು. ಜೊತೆಗೆ ಒಳಚರಂಡಿ ಇಲ್ಲದೆ ಈ ಊರು ಉದ್ಧಾರ ಆಗೋದಿಲ್ಲ ಅನ್ನೋದು ಅವರ ನಿಲುವು. ಅದರ ಯೋಜನೆಯನ್ನೂ ಕೊಟ್ಟರು. ಮೈಸೂರಿಗೆ ಹೋಗಿ, ದಿವಾನರಾಗಿ, ದಿವಾನಗಿರಿ ಬಿಟ್ಟ ಮೇಲೂ, 1922ರಲ್ಲಿ ಒಮ್ಮೆ, 1930ರಲ್ಲಿ ಮತ್ತೊಮ್ಮೆ ಅದೇ ಹೈದರಾಬಾದಿನ ಕೆಲಸದ ಸಲಹೆಗೆ ಬಂದರು. ದಿವಾನರಾಗಿದ್ದವರು ಇಳಿವಯಸ್ಸಿನಲ್ಲಿ ಗಟಾರದ ನಕ್ಷೆ ಹಿಡಿದು ಕೂತದ್ದನ್ನು ಸ್ವಲ್ಪ ಕಲ್ಪಿಸಿಕೊಳ್ಳಿ.

ಆ ವರ್ಷಗಳಲ್ಲಿ ಹೊರಗಿನ ಜಗತ್ತು ಎಲ್ಲಿತ್ತು? ಅಮೆರಿಕದಲ್ಲಿ 1881ರಲ್ಲೇ ಸೇಂಟ್ ಲೂಯಿಸ್‌ನಲ್ಲಿ 22 ಜನ ಸೇರಿ ಅಮೆರಿಕನ್ ವಾಟರ್ ವರ್ಕ್ಸ್ ಅಸೋಸಿಯೇಷನ್ ಕಟ್ಟಿದ್ದರು. ತಮ್ಮ ತಮ್ಮ ಊರಿನ ನೀರಿನ ಕೆಲಸ ನೋಡಿಕೊಳ್ಳುತ್ತಿದ್ದವರು ವರ್ಷಕ್ಕೊಮ್ಮೆ ಕೂತು, ನಿಮ್ಮಲ್ಲಿ ಏನು ಕೆಟ್ಟಿತು, ಹೇಗೆ ಸರಿ ಮಾಡಿದಿರಿ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಕ್ಕೆ ಮಾಡಿದ ಸಂಘ. ಮೂಸಿ ಉಕ್ಕಿದ ಅದೇ 1908ರಲ್ಲಿ ಜರ್ಸಿ ಸಿಟಿಯ ನೀರಿಗೆ ನಿರಂತರವಾಗಿ ಕ್ಲೋರಿನ್ ಸೇರಿಸೋದು ಶುರುವಾಯಿತು. ನೀರಿಗೆ ವಿಷ ಹಾಕ್ತೀರಾ ಅಂತ ಕೋರ್ಟಿನಲ್ಲಿ ವಾದ ನಡೆಯಿತು. ಆ ಪದ್ಧತಿ ಊರಿಂದೂರಿಗೆ ಹಬ್ಬಿದ್ದರಲ್ಲಿ ಇಂಥ ಸಂಘಗಳ ಸಭೆ, ಪತ್ರಿಕೆಗಳ ಪಾಲು ದೊಡ್ಡದು.

ಮೈಸೂರಿನಲ್ಲೂ ಇಂಥ ಗಾಳಿ ಇತ್ತು. ಕೊಳಚೆ ನೀರನ್ನು ಜೀವಾಣುಗಳಿಂದ ಶುದ್ಧ ಮಾಡುವ ಆಕ್ಟಿವೇಟೆಡ್ ಸ್ಲಡ್ಜ್ ವಿಧಾನ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1914ರಲ್ಲಿ ಹೊರಬಂತು. ಅದರ ಹಿಂದಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಇವತ್ತು ಜಗತ್ತಿನ ದೊಡ್ಡ ನಗರಗಳ ಎಸ್‌ಟಿಪಿಗಳಲ್ಲಿ ನಡೆಯೋದು ಬಹುಪಾಲು ಅದೇ ವಿಧಾನ.

ಸಂಘ ಕಟ್ಟುವ ಚಟ

ವಿಶ್ವೇಶ್ವರಯ್ಯನವರಿಗೆ ಒಂದು ಚಟ ಇತ್ತು: ಎಲ್ಲಿ ಹೋದರೂ ಸಂಘ ಕಟ್ಟೋದು. ಪುಣೆಯಲ್ಲಿದ್ದಾಗ ರಾನಡೆ, ಗೋಖಲೆಯವರ ಒಡನಾಟ. ಅಲ್ಲಿನ ಡೆಕ್ಕನ್ ಕ್ಲಬ್ ಕಟ್ಟಿದವರಲ್ಲಿ ಇವರೂ ಒಬ್ಬರು. 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದವರು 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಶುರು ಮಾಡಿಸಿದರು. ಅದು ಒಂದು ದಿನದ ಜಾತ್ರೆಯಲ್ಲ. ಕೃಷಿ, ಶಿಕ್ಷಣ, ಕೈಗಾರಿಕೆಗೆ ಬೇರೆ ಬೇರೆ ಸಮಿತಿ. ಅಧಿಕಾರಿಗಳಲ್ಲದವರೂ ಅದರಲ್ಲಿ ಕೂತರು. 1912ರಿಂದ 1918ರ ತನಕ ದಿವಾನರು. ಆ ಅವಧಿಯಲ್ಲೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಅದೇ ವರ್ಷ ವಾಣಿಜ್ಯ ಮಂಡಳಿ, 1917ರಲ್ಲಿ ಸೆಂಚುರಿ ಕ್ಲಬ್ ಮತ್ತು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು.

ಅಧಿಕಾರ ಬಿಟ್ಟ ಮೇಲೂ ಚಟ ಬಿಡಲಿಲ್ಲ. 1923ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷತೆ. 1937ರಲ್ಲಿ ಒಡಿಶಾದ ಪ್ರವಾಹದ ಬಗ್ಗೆ ಗಾಂಧಿ ಕೇಳಿಕೊಂಡಾಗ, ಎಪ್ಪತ್ತೈದು ದಾಟಿದ್ದರೂ ಹೋಗಿ ನೋಡಿ ವರದಿ ಕೊಟ್ಟರು. 1941ರಲ್ಲಿ, ಎಂಬತ್ತರ ಆಸುಪಾಸಿನಲ್ಲಿ, ಅಖಿಲ ಭಾರತ ತಯಾರಕರ ಸಂಘದ ಸ್ಥಾಪಕ ಅಧ್ಯಕ್ಷರಾದರು.

ಇದರ ನಡುವೆ ಬೆಂಗಳೂರಿಗೆ ಒಂದು ಕೆಲಸ ಮಾಡಿದರು. ಹೆಸರಘಟ್ಟದ ಕೆರೆ 1890ರ ದಶಕದಿಂದ ಬೆಂಗಳೂರಿಗೆ ನೀರು ಕೊಡ್ತಿತ್ತು. 1920ರ ದಶಕದಲ್ಲಿ ಅದು ಕೈಕೊಟ್ಟಾಗ ದಾರಿ ಹುಡುಕಲು ಒಂದು ಸಮಿತಿಯಾಯಿತು, ಅಧ್ಯಕ್ಷರು ವಿಶ್ವೇಶ್ವರಯ್ಯ. ಆ ಸಮಿತಿ ಹೇಳಿದಂತೆ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯ 1933ರಲ್ಲಿ ಮುಗಿಯಿತು. ದಶಕಗಳ ಕಾಲ ಬೆಂಗಳೂರಿನ ಬಾಯಾರಿಕೆ ತಣಿಸಿದ ಅದೇ ಜಲಾಶಯ, ನಗರ ಬೆಳೆದಂತೆ ಒಳಹರಿವು ಬತ್ತಿ, ಕೊಳಚೆ ಸೇರಿ, ವರ್ಷಗಟ್ಟಲೆ ಪೂರೈಕೆಯಿಂದ ಹೊರಗೆ ಬಿತ್ತು. ಕಟ್ಟೆ ಕುಸಿಯಲಿಲ್ಲ. ನೀರು ಕೆಟ್ಟಿತು. ಕಾಂಕ್ರೀಟು, ಕಲ್ಲು ಗಟ್ಟಿ ಇದ್ದರೆ ಸಾಲದು, ಜಲಾನಯನವನ್ನು ಕಾಯುವ ಕಣ್ಣುಗಳು ಬೇಕು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮೇಜಿನ ಸುತ್ತ ಯಾರಿದ್ದರು?

ಇಲ್ಲೀತನಕ ಹೊಗಳಿಕೆಯಾಯಿತು. ಈಗ ಅವರ ಬದುಕಿನ ಇನ್ನೊಂದು ಕಡೆ ನೋಡಲೇಬೇಕು.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ಸರಿಯಾದ ಪಾಲು ಸಿಗಬೇಕು ಅನ್ನೋದು ಅದರ ಹಿಂದಿನ ಬೇಡಿಕೆ. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಶಿಕ್ಷಣ ಹೆಚ್ಚಿಸೋಣ, ನೌಕರಿಗೆ ಅರ್ಹತೆಯೇ ಅಳತೆಗೋಲಾಗಲಿ ಅನ್ನೋದು ಅವರ ನಿಲುವು. ಅದೇ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಮಿಲ್ಲರ್ ಸಮಿತಿಯ ವರದಿ 1919ರಲ್ಲಿ ಬಂತು. ಕರ್ನಾಟಕದ ಮೀಸಲಾತಿ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ.

ಇದನ್ನು ಅವರ ನೀರಿನ ಕೆಲಸದಿಂದ ಬೇರೆ ಅಂತ ತಿಳಿಯೋದು ತಪ್ಪು. ಅವರ ಎಲ್ಲ ಮಂಡಳಿ, ಸಮಿತಿಗಳಲ್ಲಿ ಪರಿಣತಿಗೆ ಕುರ್ಚಿ ಇತ್ತು. ಆದ್ರೆ ಪರಿಣತಿ ಅಂದ್ರೆ ಯಾವುದು? ಓದಿದವರ ಪರಿಣತಿ ಮಾತ್ರ. ಊರ ಬಾವಿಗೆ ಹಗ್ಗ ಬಿಡಲು ಬಿಡದೇ ದೂರ ನಿಲ್ಲಿಸಿದ್ದ ಕೇರಿಯವರಿಗೆ ನೀರಿನ ಬಗ್ಗೆ ಗೊತ್ತಿದ್ದದ್ದು ಯಾವ ವರದಿಯಲ್ಲಿ ಬಂತು? ಒಳಚರಂಡಿಯ ನಕ್ಷೆ ಬರೆಯುವ ಕೋಣೆಯಲ್ಲಿ ಒಂದು ಜಾತಿಯವರು, ಅದೇ ಚರಂಡಿಗೆ ಇಳಿಯುವವರು ಇನ್ನೊಂದು ಜಾತಿಯವರು. 2013ರಲ್ಲಿ ಮಲ ಹೊರುವ ಪದ್ಧತಿಯ ವಿರುದ್ಧ ಎರಡನೇ ಸಲ ಕಾನೂನು ಬಂದ ಮೇಲೂ ಮ್ಯಾನ್‌ಹೋಲ್‌ನಲ್ಲಿ ಉಸಿರುಕಟ್ಟಿ ಸಾಯುವವರು ಯಾವ ಕೇರಿಯವರು ಅಂತ ನಿಮಗೆ ಗೊತ್ತು.

ಅಂಕಿ-ಸಂಖ್ಯೆಯಲ್ಲಿ ದಕ್ಷತೆ ಅಳೆಯುವ ಮನುಷ್ಯ ಕುರ್ಚಿಗಳ ಲೆಕ್ಕ ಹಾಕಲಿಲ್ಲ. ಹಾಗಂತ ಅವರ ಮೇಜನ್ನೇ ಒಡೆದು ಹಾಕೋಣ ಅನ್ನೋದೂ ಸರಿಯಲ್ಲ. ಮೇಜು ನಮಗೆ ಬೇಕು. ಕುರ್ಚಿಗಳನ್ನು ಹೆಚ್ಚಿಸಬೇಕು.

ಕಪ್ಪಾಗುವ ಬಾಟಲಿ

ಈಗ ಕೊಪ್ಪಳಕ್ಕೆ ಬರೋಣ. ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ, ಮುದುಕರ ಬಾಗಿದ ಬೆನ್ನು, ಬಗ್ಗದ ಮೊಣಕಾಲು ಅದರ ಗುರುತು. ನಮ್ಮ ಗಂಗಾವತಿ, ಕಾರಟಗಿ ಕಡೆಯ ಕತೆ ಬೇರೆ. ಕಾಲುವೆಯ ನೀರನ್ನು ಕೆರೆಗೆ ತುಂಬಿಸಿ ಸೋಸಿ ಕುಡಿಯುವ ಊರುಗಳು ಹಲವು. ಕಾಲುವೆ ನಿಂತ ತಿಂಗಳುಗಳಲ್ಲಿ ಕೆರೆ ತಳ ಕಾಣುತ್ತದೆ. ಸುತ್ತ ಭತ್ತದ ಗದ್ದೆ. ಗದ್ದೆಗೆ ಹಾಕಿದ ಗೊಬ್ಬರ, ಹೊಡೆದ ಔಷಧಿ ಬಸಿದು ಎಲ್ಲಿಗೆ ಹೋಗುತ್ತದೆ ಅಂತ ಯಾರಾದರೂ ನಿಯಮಿತವಾಗಿ ನೋಡಬೇಕು.

ನೋಡೋದು ಹೇಗೆ? ಭಾರತೀಯ ಮಾನಕ ಸಂಸ್ಥೆಯ ಐಎಸ್ 10500 ಅನ್ನೋ ಮಾನದಂಡ ಇದೆ. ಮೊದಲು 1983ರಲ್ಲಿ ಬಂದು, 2012ರಲ್ಲಿ ಪರಿಷ್ಕಾರವಾಯಿತು. ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ತಡೆದುಕೊಳ್ಳಬಹುದು. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ನಲ್ಲಿಯ ತುದಿಯಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮಲದ ರೋಗಾಣು ಒಂದೂ ಇರಬಾರದು. ಈ ಅಂಕಿಗಳು ಆಕಾಶದಿಂದ ಬಿದ್ದದ್ದಲ್ಲ. ವಿಜ್ಞಾನಿಗಳು, ನೀರಿನ ಎಂಜಿನಿಯರ್‌ಗಳು, ಪ್ರಯೋಗಾಲಯದವರು ತಮ್ಮ ತಮ್ಮ ನೌಕರಿಯ ಜೊತೆಗೇ ಸಮಿತಿಯಲ್ಲಿ ಕೂತು ಬರೆದದ್ದು. 1968ರಲ್ಲಿ ಮುಂಬಯಿಯಲ್ಲಿ ಶುರುವಾದ ಇಂಡಿಯನ್ ವಾಟರ್ ವರ್ಕ್ಸ್ ಅಸೋಸಿಯೇಷನ್‌ನಂಥ ವೃತ್ತಿ ಸಂಘಗಳೂ ಇವೆ. ಅಧ್ಯಕ್ಷ, ಕಾರ್ಯದರ್ಶಿ, ಶಾಖೆ, ವಾರ್ಷಿಕ ಸಮ್ಮೇಳನ, ಪತ್ರಿಕೆ. ಹೊರಗಿನವರಿಗೆ ಬೇಜಾರಿನ ಕೆಲಸ ಅನ್ನಿಸಬಹುದು. ಆದ್ರೆ ನಾವು ಕುಡಿಯುವ ಗುಟುಕಿನ ಸುರಕ್ಷತೆ ನಿಂತಿರೋದು ಇಂಥ ಬೇಜಾರಿನ ಕೆಲಸದ ಮೇಲೆಯೇ.

2019ರ ಆಗಸ್ಟ್ 15ರಂದು ಜಲಜೀವನ್ ಮಿಷನ್ ಘೋಷಣೆಯಾಯಿತು. ಕರ್ನಾಟಕದಲ್ಲಿ ಮನೆ ಮನೆಗೆ ಗಂಗೆ. ತಲೆಗೆ ದಿನಕ್ಕೆ 55 ಲೀಟರ್. ಅದರ ಮಾರ್ಗಸೂಚಿಯಲ್ಲಿ ಎರಡು ಒಳ್ಳೆಯ ಮಾತಿವೆ. ಒಂದು, ಪ್ರತಿ ಊರಿಗೂ 10ರಿಂದ 15 ಜನರ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ. ಅದರಲ್ಲಿ ಅರ್ಧ ಮಹಿಳೆಯರು, ಕಾಲು ಭಾಗ ದುರ್ಬಲ ವರ್ಗದವರು. ವಿಶ್ವೇಶ್ವರಯ್ಯನವರ ಮೇಜಿನಲ್ಲಿ ಇಲ್ಲದ ಕುರ್ಚಿಗಳು ಇಲ್ಲಿ ಕಾಗದದ ಮೇಲಾದರೂ ಇವೆ. ಎರಡು, ಪ್ರತಿ ಊರಿನಲ್ಲಿ ಐದು ಹೆಣ್ಣುಮಕ್ಕಳಿಗೆ ಫೀಲ್ಡ್ ಟೆಸ್ಟ್ ಕಿಟ್‌ನಿಂದ ನೀರು ಪರೀಕ್ಷಿಸುವ ತರಬೇತಿ.

ಆ ಕಿಟ್ಟಿನ ಜೊತೆ ರೋಗಾಣು ನೋಡಲು ಒಂದು ಸಣ್ಣ ಬಾಟಲಿ ಇರುತ್ತದೆ. ಅದಕ್ಕೆ ನಲ್ಲಿಯ ನೀರು ತುಂಬಿ, ಮುಚ್ಚಿ, ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಡಬೇಕು. ನೀರು ಕಪ್ಪಾದರೆ ಮಲದ ರೋಗಾಣು ಸೇರಿರುವ ಅನುಮಾನ. ಕುಡಿಯಬಾರದು, ಪ್ರಯೋಗಾಲಯಕ್ಕೆ ಕಳಿಸಿ ಖಚಿತ ಮಾಡಿಕೊಳ್ಳಬೇಕು. ಓದು ಕಡಿಮೆ ಇದ್ದವರೂ ಮಾಡಬಹುದಾದ ಪರೀಕ್ಷೆ. ರಾಬರ್ಟ್ ಕಾಖ್ ಕಾಲದಲ್ಲಿ ಪ್ರಯೋಗಾಲಯದೊಳಗೆ ಮಾತ್ರ ಇದ್ದ ಶಕ್ತಿ ಈಗ ಒಬ್ಬ ಆಶಾ ಕಾರ್ಯಕರ್ತೆಯ, ಅಂಗನವಾಡಿ ಕಾರ್ಯಕರ್ತೆಯ, ಸ್ವಸಹಾಯ ಸಂಘದ ಅಕ್ಕನ ಚೀಲದಲ್ಲಿದೆ.

ಸರಿ, ಬಾಟಲಿ ಕಪ್ಪಾಯಿತು. ಮುಂದೇನು? ಅವಳು ಯಾರಿಗೆ ಹೇಳಬೇಕು? ವಾಟರ್‌ಮನ್‌ಗೆ ಹೇಳಿದರೆ ಬ್ಲೀಚಿಂಗ್ ಪೌಡರ್ ಸ್ಟಾಕಿಲ್ಲ ಅನ್ನಬಹುದು. ಪಿಡಿಒಗೆ ಹೇಳಿದರೆ ಊರಲ್ಲಿ ಗಾಬರಿ ಹಬ್ಬಿಸಬೇಡ ಅನ್ನಬಹುದು. ಕೊಳವೆ ಒಡೆದು ಚರಂಡಿ ಸೇರುವ ಜಾಗ ದೊಡ್ಡವರ ಮನೆಯ ಮುಂದಿದ್ದರೆ ಅವಳ ಬಾಯಿಯನ್ನೇ ಮುಚ್ಚಿಸಬಹುದು. ಒಬ್ಬಳೇ ಇದ್ದರೆ ಅವಳು ಬಾಟಲಿ ತೊಳೆದಿಟ್ಟು ಸುಮ್ಮನಾಗ್ತಾಳೆ. ಒಂದು ಸಾವು ಆದ ಮೇಲೆ ಎಲ್ಲರೂ ಅವಳನ್ನೇ ಕೇಳ್ತಾರೆ.

ವಿಶ್ವೇಶ್ವರಯ್ಯನವರ ಬದುಕು ಇಲ್ಲಿಯೇ ಕೆಲಸಕ್ಕೆ ಬರೋದು. ಸಕ್ಕರ್‌ನಿಂದ ಹೈದರಾಬಾದಿನವರೆಗೆ ಅವರ ಮಾತಿಗೆ ತೂಕ ಬಂದದ್ದು ಅವರ ಬುದ್ಧಿಯಿಂದ ಮಾತ್ರ ಅಲ್ಲ. ಹಿಂದೆ ಒಂದು ಮಂಡಳಿ, ಒಂದು ದಾಖಲೆ, ಒಂದು ವೃತ್ತಿಯ ಬಲ ಇತ್ತು. ಎಂಜಿನಿಯರ್‌ಗಳಿಗೆ ಸಂಘ ಇದೆ, ವೈದ್ಯರಿಗೆ ಸಂಘ ಇದೆ, ಗುತ್ತಿಗೆದಾರರಿಗಂತೂ ಗಟ್ಟಿ ಸಂಘ ಇದೆ. ಊರಿನ ನೀರಿನ ಗುಣಮಟ್ಟ ನೋಡುವ ಈ ಐದು ಹೆಣ್ಣುಮಕ್ಕಳೂ ಒಂದು ವೃತ್ತಿಯವರೇ. ಹಾಗಿದ್ದರೆ ಅವರಿಗೆ ಸಂಘ ಯಾಕಿಲ್ಲ?

ನನ್ನ ಕಲ್ಪನೆ ಇಷ್ಟೇ. ಸಿದ್ದಾಪುರದ ಐವರು, ಸುತ್ತಲಿನ ಹತ್ತು ಊರಿನ ಐವತ್ತು ಜನ, ತಿಂಗಳಿಗೊಮ್ಮೆ ಒಂದು ಶಾಲೆಯ ಕೋಣೆಯಲ್ಲಿ ಕೂಡಬೇಕು. ಯಾವ ಊರಿನ ಯಾವ ನಲ್ಲಿಯ ಬಾಟಲಿ ಕಪ್ಪಾಯಿತು, ಎಷ್ಟು ದಿನಕ್ಕೆ ಸರಿಯಾಯಿತು ಅಂತ ದೊಡ್ಡ ವಹಿಯಲ್ಲಿ ಬರೀಬೇಕು. ಗ್ರಾಮಸಭೆಯಲ್ಲಿ ಅದನ್ನು ಜೋರಾಗಿ ಓದಬೇಕು. ಅಧ್ಯಕ್ಷೆ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು, ಕೇರಿಯ ಹೆಣ್ಣುಮಗಳ ಸರದಿ ಮೊದಲು ಬರಬೇಕು. ಅವರ ಕೆಲಸ ಪುಕ್ಕಟೆ ಇರಬಾರದು ಅನ್ನೋದೂ ಸೇರಲಿ. ಸೇವೆ ಅನ್ನೋ ಹೆಸರಲ್ಲಿ ಹೆಂಗಸರ ದುಡಿಮೆಯನ್ನು ಉಚಿತವಾಗಿ ತಗೊಳ್ಳೋದು ನಮ್ಮ ಸರ್ಕಾರಗಳ ಹಳೇ ರೂಢಿ. ವಿಜ್ಞಾನ ಓದುವ ಕಾಲೇಜು ಹುಡುಗ-ಹುಡುಗಿಯರು ಅವರಿಗೆ ಭಾಷಣ ಮಾಡಲು ಹೋಗಬೇಡಿ, ಪ್ರಯೋಗಾಲಯದ ವರದಿ ತಂದುಕೊಡಲು, ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಹೋಗಿ. ಹೋರಾಟ ಅಂದ್ರೆ ಬರೀ ಘೋಷಣೆ ಕೂಗೋದಲ್ಲ. ವಹಿ ಇಡೋದೂ ಹೋರಾಟವೇ.

ವಿಶ್ವೇಶ್ವರಯ್ಯ 1955ರಲ್ಲಿ ಭಾರತರತ್ನರಾದರು, 1962ರ ಏಪ್ರಿಲ್‌ನಲ್ಲಿ, ನೂರರ ಗಡಿ ಮುಟ್ಟಿ ತೀರಿಕೊಂಡರು. ಅವರು ಹೋದ ಮೇಲೆ ನಾವು ಅವರ ಅಣೆಕಟ್ಟನ್ನು ಇಟ್ಟುಕೊಂಡೆವು, ಸ್ಯಾನಿಟರಿ ಬೋರ್ಡನ್ನು ಮರೆತೆವು. ಮುಂದಿನ ಸೆಪ್ಟೆಂಬರ್ 15ಕ್ಕೆ ನಿಮ್ಮ ಊರಿನಲ್ಲಿ ಯಾರಾದರೂ ಫೋಟೋಕ್ಕೆ ಹಾರ ಹಾಕಲು ಕರೆದರೆ ಹೋಗಿ. ಹೋಗಿ, ನಮ್ಮೂರ ನೀರು ಸಮಿತಿ ಕೊನೆಯ ಸಲ ಸಭೆ ಸೇರಿದ್ದು ಯಾವಾಗ, ನಡಾವಳಿ ಪುಸ್ತಕ ಎಲ್ಲಿದೆ, ಅದರಲ್ಲಿ ಯಾರ ಯಾರ ಸಹಿ ಇದೆ ಅಂತ ಕೇಳಿ. ಉತ್ತರ ಸಿಗದಿದ್ದರೆ ಅಲ್ಲಿಂದಲೇ ಕೆಲಸ ಶುರು ಮಾಡಿ.